ಅಳಿಸಿಹೋದ ಲೆಕ್ಕ ಮರಳಿ ಸಿಗುವುದೆ?

(ಸಂಘದ ರಜತ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಗಣಕಯಂತ್ರದ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದು ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. ಹಬ್ಬದ ದಿನ ಯಂತ್ರದ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ನಾವು ಹೇಳಹೊರಟಿರುವುದು ಯಂತ್ರದ ವಿಷಯಕ್ಕಿಂತ ಹೆಚ್ಚಾಗಿ ನಿಮ್ಮ ಲೆಕ್ಕದ ವಿಷಯ. ನಿಮ್ಮ ಷೇರು ಹಣ, ಠೇವಣಿ, ತೀರಿಸಿದ ಸಾಲ, ಬಾಕಿ ಇರುವ ಸಾಲ, ಇವೆಲ್ಲ ಈಗ ಎಲ್ಲಿ ಬರೆದಿಟ್ಟಿದೆ, ಅದು ಅಳಿಸಿಹೋದರೆ ಮರಳಿ ಸಿಗುತ್ತದೆಯೆ, ಸಿಗದಿದ್ದರೆ ಗತಿ ಏನು ಎಂಬುದೇ ಇವತ್ತಿನ ವಿಷಯ.

1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಿಂದಲೂ ನಮ್ಮ ಸಂಘಗಳು ಎರಡು ಕಾಲಿನ ಮೇಲೆ ನಿಂತಿವೆ. ಒಂದು ನಂಬಿಕೆ, ಇನ್ನೊಂದು ಲೆಕ್ಕ. ಲೆಕ್ಕ ಕೆಟ್ಟರೆ ನಂಬಿಕೆ ಬಹಳ ದಿನ ಉಳಿಯುವುದಿಲ್ಲ.

ಹಿಂದಿನವರು ಮಾಡಿದ್ದೂ ಇದನ್ನೇ

ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ. ಸದಸ್ಯರೊಬ್ಬರು ಸಾಲದ ಕಂತು ಕಟ್ಟಲು ಬರುತ್ತಾರೆ. ಕಾರ್ಯದರ್ಶಿಗಳು ಕಾರ್ಬನ್ ಕಾಗದ ಇಟ್ಟು ರಸೀತಿ ಬರೆಯುತ್ತಾರೆ. ಒಂದು ಪ್ರತಿ ಸದಸ್ಯರಿಗೆ, ಇನ್ನೊಂದು ಪ್ರತಿ ಪುಸ್ತಕದಲ್ಲೇ. ಆಮೇಲೆ ಅದು ದಿನವಹಿಗೆ ಹತ್ತುತ್ತದೆ, ಅಲ್ಲಿಂದ ಖಾತೆ ಪುಸ್ತಕಕ್ಕೆ. ಕೊನೆಗೆ ಸದಸ್ಯರ ಕೈಯಲ್ಲಿರುವ ಪಾಸ್ ಪುಸ್ತಕದಲ್ಲೂ ಬರೆದು ಸಹಿ ಹಾಕುತ್ತಾರೆ. ಒಂದೇ ಮೊತ್ತ, ನಾಲ್ಕೈದು ಕಡೆ. ಅದರಲ್ಲೂ ಒಂದು ಪ್ರತಿ ಸಂಘದ ಕಟ್ಟಡದ ಹೊರಗೆ, ಸದಸ್ಯರ ಮನೆಯ ಪೆಟ್ಟಿಗೆಯಲ್ಲಿ.

ಇಷ್ಟು ಸಲ ಬರೆಯುವುದು ಬರಿಯ ಶ್ರಮ ಅಂತ ಆಗ ಕೆಲವರು ಗೊಣಗಿದ್ದುಂಟು. ಆದರೆ ಮಳೆಗಾಲದಲ್ಲಿ ಮಾಡು ಸೋರಿ ಖಾತೆ ಪುಸ್ತಕ ತೊಯ್ದರೂ ಸದಸ್ಯರ ಪಾಸ್ ಪುಸ್ತಕ, ರಸೀತಿಗಳನ್ನು ಕೂಡಿಸಿ ಲೆಕ್ಕವನ್ನು ಮತ್ತೆ ಕಟ್ಟಬಹುದಾಗಿತ್ತು. ಗಣಕಯಂತ್ರದವರು ಈಗ ಬ್ಯಾಕಪ್ ಎನ್ನುವುದು ಇದನ್ನೇ. ಹೆಸರು ಹೊಸದು, ಬುದ್ಧಿ ಹಳೆಯದು.

ಈಗ ಕಾಲ ಬದಲಾಗಿದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಬಾರ್ಡ್ ಮೂಲಕ ನಡೆಯುವ ಆ ಕೆಲಸದಲ್ಲಿ ಲೆಕ್ಕವೆಲ್ಲ ಒಂದೇ ತಂತ್ರಾಂಶದಲ್ಲಿ, ದೂರದ ದತ್ತಾಂಶ ಕೇಂದ್ರದಲ್ಲಿ ಇರುತ್ತದೆ. ಅದರ ರಕ್ಷಣೆಗೆ ಅದರದೇ ಏರ್ಪಾಡು ಇದೆ. ಆದರೆ ಯಾವ ಸಂಘದಲ್ಲೇ ನೋಡಿ, ಅಂಥ ದೊಡ್ಡ ತಂತ್ರಾಂಶದ ಹೊರಗೆ ಉಳಿಯುವ ಕಾಗದಪತ್ರವೇ ಬೆಟ್ಟದಷ್ಟು. ಸಭೆಯ ನಡವಳಿ, ಸದಸ್ಯರ ಪಟ್ಟಿ, ಸಾಲದ ಅರ್ಜಿಗಳ ಚಿತ್ರಪ್ರತಿ, ಗೊಬ್ಬರದ ದಾಸ್ತಾನು, ಬಾಕಿದಾರರ ತಖ್ತೆ, ಇಲಾಖೆಗೆ ಬರೆದ ಪತ್ರ. ಇವೆಲ್ಲ ಇರುವುದು ಕಾರ್ಯದರ್ಶಿಗಳ ಗೂಗಲ್ ಡ್ರೈವ್‌ನಲ್ಲೋ, ಮೈಕ್ರೋಸಾಫ್ಟ್‌ನವರ ಒನ್‌ಡ್ರೈವ್‌ನಲ್ಲೋ. ನಾವು ಹೇಳುತ್ತಿರುವುದು ಇವುಗಳ ಬಗ್ಗೆ.

ಕ್ಲೌಡ್ ಎಂದರೆ ಎಲ್ಲಿ?

ಕ್ಲೌಡ್ ಅಂದರೆ ಮೋಡ ನಿಜ. ಆದರೆ ನಮ್ಮ ಲೆಕ್ಕ ಆಕಾಶದಲ್ಲೇನೂ ತೇಲುತ್ತಿಲ್ಲ. ಅದು ಯಾವುದೋ ಊರಿನ ದೊಡ್ಡ ಕಟ್ಟಡದಲ್ಲಿ, ಸಾಲುಸಾಲಾಗಿ ನಿಲ್ಲಿಸಿದ ಯಂತ್ರಗಳಲ್ಲಿದೆ. ಬೇರೆಯವರ ಕಣಜದಲ್ಲಿ ನಮ್ಮ ರಾಗಿ ಇಟ್ಟ ಹಾಗೆ ಅಂದುಕೊಳ್ಳಿ. ಕಣಜದ ಯಜಮಾನರು ದೊಡ್ಡವರು, ಕಾವಲು ಚೆನ್ನಾಗಿದೆ, ಒಂದು ಯಂತ್ರ ಕೆಟ್ಟರೆ ಇನ್ನೊಂದರಿಂದ ಕೊಡುತ್ತಾರೆ. ಇದರಲ್ಲಿ ಅನುಮಾನ ಬೇಡ. ಸಂಘದ ಹಳೆಯ ಕಂಪ್ಯೂಟರ್ ಸುಟ್ಟುಹೋದರೂ ಕ್ಲೌಡ್‌ನಲ್ಲಿರುವ ಫೈಲು ಉಳಿಯುತ್ತದೆ. ಇದು ದೊಡ್ಡ ಅನುಕೂಲ.

ಹಾಗಾದರೆ ತೊಂದರೆ ಎಲ್ಲಿ? ಯಂತ್ರ ಕೆಡುವುದರಿಂದ ಕ್ಲೌಡ್ ನಮ್ಮನ್ನು ಕಾಪಾಡುತ್ತದೆ, ನಮ್ಮ ಕೈತಪ್ಪಿನಿಂದ ಕಾಪಾಡುವುದು ಸ್ವಲ್ಪ ದಿನ ಮಾತ್ರ. ನಾವು ಅಳಿಸು ಅಂದರೆ ಅದು ಅಳಿಸುತ್ತದೆ. ನಾವು ತಪ್ಪು ಅಂಕಿ ಬರೆದರೆ ಅದನ್ನೇ ಭದ್ರವಾಗಿ ಕಾಪಾಡುತ್ತದೆ. ಸಂಘದ ಕಂಪ್ಯೂಟರಿನಲ್ಲೂ ಅಧ್ಯಕ್ಷರ ಮೊಬೈಲಿನಲ್ಲೂ ಒಂದೇ ಫೈಲು ಕಾಣುತ್ತದೆಯಲ್ಲ, ಅದು ಎರಡು ಪ್ರತಿ ಅಲ್ಲ. ಒಂದೇ ಫೈಲನ್ನು ಎರಡು ಕಿಟಕಿಯಿಂದ ನೋಡಿದ ಹಾಗೆ. ಇಲ್ಲಿ ಅಳಿಸಿದರೆ ಅಲ್ಲೂ ಹೋಯಿತು. ಸಿಂಕ್ ಎನ್ನುವುದು ಇದಕ್ಕೆ. ಸಿಂಕ್ ಇದೆ, ಆದ್ದರಿಂದ ಬ್ಯಾಕಪ್ ಇದೆ ಎಂದು ನಂಬುವುದೇ ಎಲ್ಲಕ್ಕಿಂತ ದೊಡ್ಡ ಮೋಸ.

ಅಳಿಸಿಹೋದರೆ ಮೊದಲು ಏನು ಮಾಡಬೇಕು

ಫೈಲು ಕಾಣುತ್ತಿಲ್ಲ ಅಂದಕೂಡಲೇ ಗಾಬರಿಯಾಗಿ ಕಂಡಕಂಡ ಗುಂಡಿ ಒತ್ತಬಾರದು. ಯಾರನ್ನೂ ಬೈಯಬಾರದು. ಬೈದರೆ ಮುಂದಿನ ಸಲ ಅಳಿಸಿದವರು ಹೇಳುವುದೇ ಇಲ್ಲ, ಮುಚ್ಚಿಡುತ್ತಾರೆ. ಮುಚ್ಚಿಟ್ಟಷ್ಟು ದಿನವೂ ಗಡುವು ಓಡುತ್ತಿರುತ್ತದೆ. ಒಂದು ಚೀಟಿಯಲ್ಲಿ ಫೈಲಿನ ಹೆಸರು, ಕೊನೆಯ ಸಲ ಕಂಡ ದಿನ, ಯಾರು ಯಾರು ಅದನ್ನು ಬಳಸುತ್ತಿದ್ದರು ಅಂತ ಬರೆದುಕೊಂಡು ಆಮೇಲೆ ಹುಡುಕಬೇಕು.

ಹುಡುಕುವ ಮೊದಲ ಜಾಗ ಕಸದ ಬುಟ್ಟಿ. ಗೂಗಲ್ ಡ್ರೈವ್‌ನಲ್ಲಿ ಅದಕ್ಕೆ ಟ್ರ್ಯಾಶ್ ಅಥವಾ ಬಿನ್ ಎಂದು ಬರೆದಿರುತ್ತದೆ. ಅಲ್ಲಿ ಫೈಲು ಕಂಡರೆ ಅದನ್ನು ಒತ್ತಿ ರಿಸ್ಟೋರ್ ಎಂದರೆ ಇದ್ದ ಜಾಗಕ್ಕೆ ಮರಳುತ್ತದೆ. ಆದರೆ 30 ದಿನ ಮಾತ್ರ. 2020ರ ಅಕ್ಟೋಬರ್‌ಗೆ ಮುಂಚೆ ನಾವು ಖಾಲಿ ಮಾಡುವ ತನಕ ಅಲ್ಲೇ ಬಿದ್ದಿರುತ್ತಿತ್ತು. ಆಮೇಲೆ ನಿಯಮ ಬದಲಾಯಿತು, 30 ದಿನ ಕಳೆದದ್ದು ತಾನಾಗಿ ಹೋಗುತ್ತದೆ. ಹಳೆಯ ನಿಯಮವನ್ನೇ ನಂಬಿಕೊಂಡವರು ಈಗಲೂ ಇದ್ದಾರೆ.

ಎರಡನೆಯದು, ಫೈಲು ಯಾರದು ಎಂದು ನೋಡಬೇಕು. ಹಂಚಿಕೊಂಡ ಫೈಲಿಗೆ ಒಬ್ಬ ಮಾಲೀಕ ಇರುತ್ತಾರೆ. ಫೈಲನ್ನು ಮೊದಲು ತೆರೆದವರೇ ಸಾಮಾನ್ಯವಾಗಿ ಅದರ ಮಾಲೀಕರು. ಅವರು ಅಳಿಸಿದರೆ ಅದು ಅವರ ಬುಟ್ಟಿಯಲ್ಲಿರುತ್ತದೆ, ನಿಮ್ಮ ಬುಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಮಾಲೀಕರಲ್ಲದವರು ತೆಗೆದುಹಾಕಿದ್ದರೆ ಫೈಲು ನಿಜವಾಗಿ ಅಳಿದಿರುವುದಿಲ್ಲ, ಫೋಲ್ಡರಿನಿಂದ ಹೊರಗೆ ಬಿದ್ದಿರುತ್ತದೆ. ಮಾಲೀಕರು ತಮ್ಮ ಖಾತೆಯಲ್ಲಿ ಫೈಲಿನ ಹೆಸರು ಹಾಕಿ ಹುಡುಕಿದರೆ ಸಿಗುತ್ತದೆ. ಎಷ್ಟೋ ಸಲ ಕಳೆದುಹೋಯಿತು ಎಂದದ್ದು ಹೀಗೆ ದಾರಿ ತಪ್ಪಿದ ಫೈಲೇ ಆಗಿರುತ್ತದೆ.

ಮೂರನೆಯದು, ಫೈಲು ಇದೆ, ಆದರೆ ಒಳಗಿನ ಅಂಕಿ ಅಳಿದಿದೆ. ಯಾರೋ ನೂರು ಸಾಲು ಒಟ್ಟಿಗೆ ತೆಗೆದುಬಿಟ್ಟಿದ್ದಾರೆ. ಅದಕ್ಕೆ ವರ್ಷನ್ ಹಿಸ್ಟರಿ ಎಂಬ ಸೌಲಭ್ಯ ಇದೆ. ಗೂಗಲ್ ಶೀಟ್‌ನಲ್ಲಿ ಫೈಲ್ ಎಂಬಲ್ಲಿ ಒತ್ತಿ ಅದನ್ನು ತೆರೆದರೆ ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಬದಲಾಯಿಸಿದರು ಎಂದು ಸಾಲಾಗಿ ತೋರಿಸುತ್ತದೆ. ಬೇಕಾದ ದಿನದ ಆವೃತ್ತಿಗೆ ಹಿಂದಿರುಗಬಹುದು. ಒಂದೇ ಮನೆಯ ಅಂಕಿಯ ಮೇಲೆ ಅನುಮಾನವಿದ್ದರೆ ಆ ಮನೆಯ ಮೇಲೆ ಇಲಿಯ ಬಲಗುಂಡಿ ಒತ್ತಿ ಅದೊಂದರ ಚರಿತ್ರೆಯನ್ನೂ ನೋಡಬಹುದು. ಆದರೆ ಎಕ್ಸೆಲ್, ಪಿಡಿಎಫ್, ಫೋಟೋ ಇಂಥವನ್ನು ಡ್ರೈವ್‌ಗೆ ಏರಿಸಿದ್ದರೆ ಅವುಗಳ ಹಳೆಯ ಆವೃತ್ತಿ 30 ದಿನ ಅಥವಾ 100 ಆವೃತ್ತಿ ದಾಟಿದರೆ ಹೋಗಿಬಿಡಬಹುದು. ಮುಖ್ಯವಾದ ಆವೃತ್ತಿಯನ್ನು ಶಾಶ್ವತವಾಗಿ ಇಡು ಎಂದು ಗುರುತು ಹಾಕುವ ಅವಕಾಶ ಅಲ್ಲೇ ಇದೆ.

ನಾಲ್ಕನೆಯದು, ಸಂಸ್ಥೆಯ ಹೆಸರಿನಲ್ಲಿ ಹಣ ಕೊಟ್ಟು ತೆಗೆದುಕೊಂಡ ಗೂಗಲ್ ವರ್ಕ್‌ಸ್ಪೇಸ್ ಖಾತೆ ಇದ್ದರೆ ಬುಟ್ಟಿ ಖಾಲಿಯಾದ ಮೇಲೂ 25 ದಿನದ ಒಳಗೆ ಆ ಖಾತೆಯ ಆಡಳಿತಗಾರರು ಮರಳಿ ತರಬಹುದು. ಸಿಬ್ಬಂದಿಯೊಬ್ಬರ ಖಾತೆಯನ್ನೇ ತೆಗೆದುಬಿಟ್ಟಿದ್ದರೆ 20 ದಿನದ ಒಳಗೆ ಅದನ್ನೂ ಎತ್ತಬಹುದು.

ಒನ್‌ಡ್ರೈವ್ ಬಳಸುವವರಿಗೂ ಇದೇ ಕ್ರಮ, ಗಡುವು ಮಾತ್ರ ಬೇರೆ. ಸ್ವಂತ ಖಾತೆಯ ರಿಸೈಕಲ್ ಬಿನ್ 30 ದಿನ, ಸಂಸ್ಥೆಯ ಖಾತೆಯಲ್ಲಿ 93 ದಿನ. ಟೀಮ್ಸ್‌ನಲ್ಲಿ ಗುಂಪಿನ ಚಾನೆಲ್‌ಗೆ ಹಾಕಿದ ಫೈಲು ಶೇರ್‌ಪಾಯಿಂಟ್‌ನಲ್ಲಿರುತ್ತದೆ, ಒಬ್ಬರಿಗೊಬ್ಬರು ಮಾತಾಡುವಾಗ ಕಳಿಸಿದ್ದು ಕಳಿಸಿದವರ ಒನ್‌ಡ್ರೈವ್‌ನಲ್ಲಿ. ಎಲ್ಲಿ ಹುಡುಕಬೇಕೆಂದು ತಿಳಿಯದೆ ಕೈಬಿಟ್ಟವರಿಗೆ ಈ ಒಂದು ಮಾತು ಗೊತ್ತಿದ್ದರೆ ಸಾಕು.

ಇನ್ನು ಪೆನ್‌ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ಯಾವ ಬುಟ್ಟಿಗೂ ಬೀಳುವುದಿಲ್ಲ, ನೇರವಾಗಿ ಹೋಗುತ್ತದೆ. ಆಗ ಆ ಪೆನ್‌ಡ್ರೈವ್‌ಗೆ ಬೇರೆ ಏನನ್ನೂ ತುಂಬದೆ ಎತ್ತಿಟ್ಟು ತಿಳಿದವರ ಕೈಗೆ ಕೊಡಬೇಕು. ಹೊಸದನ್ನು ಬರೆದಷ್ಟೂ ಹಳೆಯದು ಸಿಗುವ ಆಸೆ ಕಮ್ಮಿ.

ಬುಟ್ಟಿಗೆ ತಿಂಗಳು, ಸಂಘಕ್ಕೆ ವರ್ಷ

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ. ದಯವಿಟ್ಟು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮೇಲೆ ಹೇಳಿದ ಗಡುವುಗಳನ್ನೆಲ್ಲ ನೋಡಿ. 30 ದಿನ, 25 ದಿನ, ಬಹಳವೆಂದರೆ 93 ದಿನ. ಈ ಗಡುವು ದಿನಾ ಫೈಲು ತೆರೆದು ನೋಡುವ ಪಟ್ಟಣದ ಕಚೇರಿಗೆ ಸಾಕು. ನಮ್ಮ ಸಂಘದ ಕಾಲ ಹಾಗೆ ನಡೆಯುವುದಿಲ್ಲ. ನಮ್ಮದು ಬೆಳೆಯ ಕಾಲ. ಮುಂಗಾರಿಗೆ ಸಾಲ ಎತ್ತಿದರೆ ಕೊಯ್ಲಾಗಿ, ಮಾರಾಟವಾಗಿ, ತೀರಿಸುವುದು ಮಾರ್ಚ್‌ಗೆ. ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ಲೆಕ್ಕಪರಿಶೋಧಕರು ಬರುವುದು ಆಮೇಲೆ. ಮಹಾಸಭೆ ಅದಕ್ಕೂ ಆಮೇಲೆ.

ಹೀಗಿರುವಾಗ ಆಗಸ್ಟ್ ತಿಂಗಳಲ್ಲಿ ಬಾಕಿದಾರರ ತಖ್ತೆಯ ಒಂದು ಹಾಳೆ ಕೈತಪ್ಪಿ ಅಳಿಯಿತು ಎಂದಿಟ್ಟುಕೊಳ್ಳಿ. ಆಗ ಯಾರೂ ಅದನ್ನು ನೋಡುವುದಿಲ್ಲ, ಅದರ ಕೆಲಸವೇ ಇರುವುದಿಲ್ಲ. ಗೊತ್ತಾಗುವುದು ಮಾರ್ಚ್‌ನಲ್ಲಿ. ಏಳು ತಿಂಗಳು ಕಳೆದಿರುತ್ತದೆ. ಬುಟ್ಟಿ ಎಂದೋ ಖಾಲಿಯಾಗಿರುತ್ತದೆ. ಆಗ ಸಾಲ ತೀರಿಸಿದವರು ತೀರಿಸಿದ್ದೇನೆ ಎನ್ನುತ್ತಾರೆ, ಸಂಘದವರು ದಾಖಲೆ ಎಲ್ಲಿ ಎನ್ನುತ್ತಾರೆ. ರಸೀತಿ ಇಟ್ಟುಕೊಂಡವರು ಬಚಾವು. ಇಟ್ಟುಕೊಳ್ಳದ ವಿಧವೆ ತಾಯಿ, ಓದು ಬಾರದ ಹಿರಿಯರು ಏನು ಮಾಡಬೇಕು? ಫೈಲು ಅಳಿದರೆ ಪೆಟ್ಟು ಬೀಳುವುದು ಕಂಪ್ಯೂಟರಿಗಲ್ಲ ಸ್ವಾಮಿ, ಇಂಥವರಿಗೆ.

ಆದ್ದರಿಂದ ಕಸದ ಬುಟ್ಟಿಯನ್ನು ತಿಜೋರಿ ಎಂದು ತಿಳಿಯಬಾರದು. ವರ್ಷಕ್ಕೊಮ್ಮೆ ಲೆಕ್ಕ ನೋಡುವ ಸಂಸ್ಥೆಗೆ ವರ್ಷಗಟ್ಟಲೆ ಉಳಿಯುವ ಪ್ರತಿಯೇ ಬೇಕು. ಅದನ್ನು ನಾವೇ ಮಾಡಿಟ್ಟುಕೊಳ್ಳಬೇಕು.

ದೊಡ್ಡವರಿಗೂ ಆಗಿದೆ

ಇದು ಹಳ್ಳಿಯವರ ಭಯ ಎಂದು ಯಾರಾದರೂ ನಗಬಹುದು. ದೊಡ್ಡ ದೊಡ್ಡವರಿಗೆ ಆದದ್ದನ್ನು ಮೂರು ಉದಾಹರಣೆಯಲ್ಲಿ ಹೇಳುತ್ತೇವೆ.

ಆಸ್ಟ್ರೇಲಿಯಾದಲ್ಲಿ ಯೂನಿಸೂಪರ್ ಎಂಬ ಪಿಂಚಣಿ ನಿಧಿ ಇದೆ. ಲಾಭಕ್ಕಾಗಿ ಅಲ್ಲದೆ ಸದಸ್ಯರಿಗಾಗಿಯೇ ನಡೆಯುವ, 6 ಲಕ್ಷಕ್ಕೂ ಹೆಚ್ಚು ಸದಸ್ಯರ ನಿಧಿ. 2024ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡ್‌ನವರ ಕಡೆಯ ಒಂದು ಜೋಡಣೆಯ ತಪ್ಪಿನಿಂದ ಅದರ ಕ್ಲೌಡ್ ವ್ಯವಸ್ಥೆಯೇ ಅಳಿಸಿಹೋಯಿತು. ವಾರದಷ್ಟು ಕಾಲ ಸದಸ್ಯರಿಗೆ ತಮ್ಮ ಖಾತೆ ನೋಡಲಾಗಲಿಲ್ಲ. ಆ ನಿಧಿಯವರು ಇನ್ನೊಬ್ಬ ಸೇವಾದಾರರ ಬಳಿಯೂ ಪ್ರತಿ ಇಟ್ಟಿದ್ದರು. ವ್ಯವಸ್ಥೆಯನ್ನು ಮತ್ತೆ ಕಟ್ಟಿ ನಿಲ್ಲಿಸಲು ಅದು ಬಹಳ ನೆರವಾಯಿತು ಎಂದು ಎರಡೂ ಕಡೆಯವರು ಕೂಡಿ ಹೇಳಿಕೆ ಕೊಟ್ಟರು.

ದಕ್ಷಿಣ ಕೊರಿಯಾದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿನ ಸರ್ಕಾರಿ ನೌಕರರಿಗೆ ಕಡತ ಇಡಲು ಜಿ-ಡ್ರೈವ್ ಎಂಬ ಸರ್ಕಾರದ್ದೇ ಕ್ಲೌಡ್ ಇತ್ತು, ತಲೆಗೆ 30 ಜಿಬಿ ಜಾಗ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಯಿಂದ ಬೆಂಕಿ ಹತ್ತಿತು. 600ಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ನಿಂತವು. ಜಿ-ಡ್ರೈವ್‌ನ 858 ಟೆರಾಬೈಟ್ ಕಡತಗಳು ಸುಟ್ಟುಹೋದವು. ಗಾತ್ರ ದೊಡ್ಡದು ಎಂಬ ಕಾರಣಕ್ಕೆ ಹೊರಗಡೆ ಪ್ರತಿ ಇಟ್ಟಿರಲಿಲ್ಲ. ಎಲ್ಲವನ್ನೂ ಜಿ-ಡ್ರೈವ್‌ನಲ್ಲೇ ಇಡಬೇಕೆಂಬ ನಿಯಮ ಇದ್ದ ಇಲಾಖೆಗೆ ಎಲ್ಲರಿಗಿಂತ ಹೆಚ್ಚು ನಷ್ಟವಾಯಿತು. ಎಲ್ಲ ಕಾಳನ್ನೂ ಒಂದೇ ಕಣಜಕ್ಕೆ ಸುರಿದರೆ ಆಗುವುದು ಇದೇ.

ಮೂರನೆಯದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯದು. ತಂತ್ರಾಂಶ ಬರೆಯುವವರು ಕೂಡಿ ಕೆಲಸ ಮಾಡುವ ತಾಣ ಅದು.  2017ರ ಜನವರಿ 31ರ ರಾತ್ರಿ ಅವರ ಕೆಲಸಗಾರರೊಬ್ಬರು ಒಂದು ಯಂತ್ರ ಎಂದುಕೊಂಡು ಇನ್ನೊಂದು ಯಂತ್ರದ ದತ್ತಾಂಶ ಅಳಿಸಿಬಿಟ್ಟರು. ಪ್ರತಿ ಕಾಯ್ದಿಡಲು ಅವರಲ್ಲಿ ಐದು ಬಗೆಯ ಏರ್ಪಾಡು ಇತ್ತು. ಆ ಹೊತ್ತಿನಲ್ಲಿ ಒಂದೂ ಸರಿಯಾಗಿ ಒದಗಲಿಲ್ಲ. ಒಂದು ಏರ್ಪಾಡು ಬಹಳ ದಿನದಿಂದ ಕೆಲಸವನ್ನೇ ಮಾಡುತ್ತಿರಲಿಲ್ಲ, ಕೆಟ್ಟಿದೆ ಎಂದು ತಿಳಿಸುವ ಇ-ಮೇಲ್ ಸಹ ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಉದ್ದೇಶಕ್ಕೆ 6 ಗಂಟೆ ಮುಂಚೆ ತೆಗೆದಿದ್ದ ಒಂದು ಪ್ರತಿ ಇದ್ದುದರಿಂದ ಮಾನ ಉಳಿಯಿತು. ಆ 6 ಗಂಟೆಗಳ ಲೆಕ್ಕ ಮಾತ್ರ ಹೋಯಿತು. ತಮ್ಮ ತಪ್ಪನ್ನು ಅವರು ಮುಚ್ಚಿಡದೆ ಪೂರಾ ಬರೆದು ಪ್ರಕಟಿಸಿದ್ದರಿಂದ ನಮಗೂ ಇದು ಗೊತ್ತಾಗಿದೆ.

ಈ ಮೂರರಿಂದ ಮೂರು ಪಾಠ. ಪ್ರತಿ ಬೇರೆಯವರ ಬಳಿಯೂ ಇರಬೇಕು. ಬೇರೆ ಜಾಗದಲ್ಲಿರಬೇಕು. ಅದು ನಿಜವಾಗಿ ತೆರೆಯುತ್ತದೆಯೆ ಎಂದು ಆಗಾಗ ನೋಡುತ್ತಿರಬೇಕು.

ನಮ್ಮ ದೇಶದ್ದೂ ಒಂದು ಮಾತು. 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುತ್ತಿದ್ದ ಸಂಸ್ಥೆಯೊಂದರ ಮೇಲೆ ಒತ್ತೆಹಣ ಕೇಳುವ ಕಳ್ಳ ತಂತ್ರಾಂಶದ ದಾಳಿಯಾಗಿ, ಸುಮಾರು 300 ಸಣ್ಣ ಬ್ಯಾಂಕುಗಳ ಹಣ ಪಾವತಿ ತಾತ್ಕಾಲಿಕವಾಗಿ ನಿಂತಿತು. ಇಂಥ ಕಳ್ಳ ತಂತ್ರಾಂಶ ಫೈಲುಗಳಿಗೆ ಬೀಗ ಜಡಿದು ಹಣ ಕೇಳುತ್ತದೆ. ಸಿಂಕ್ ಇದ್ದರೆ ಬೀಗ ಬಿದ್ದ ಫೈಲೇ ಕ್ಲೌಡ್‌ಗೂ ಹೋಗುತ್ತದೆ. ಅದರ ಕೈಗೆ ಸಿಗದಿರುವುದು ತಂತಿ ಬಿಚ್ಚಿ ತಿಜೋರಿಯಲ್ಲಿಟ್ಟ ಪ್ರತಿ ಒಂದೇ.

ಸಂಘ ಮಾಡಬೇಕಾದದ್ದು

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಈಗಲೇ ಮಾಡಬಹುದಾದ್ದನ್ನು ಮಂಡಳಿಯವರ ಮುಂದೆ ಇಡುತ್ತೇವೆ. ಇದಕ್ಕೆ ದೊಡ್ಡ ಖರ್ಚಿಲ್ಲ.

ಒಂದು, ಖಾತೆ ಸಂಘದ್ದಾಗಿರಲಿ, ವ್ಯಕ್ತಿಯದಾಗುವುದು ಬೇಡ. ಬಹಳ ಕಡೆ ಕಾರ್ಯದರ್ಶಿಗಳ ಸ್ವಂತ ಜಿಮೇಲ್‌ನಲ್ಲೇ ಎಲ್ಲ ನಡೆಯುತ್ತದೆ. ಅವರ ಪ್ರಾಮಾಣಿಕತೆಯ ಮಾತಲ್ಲ ಇದು. ಅವರು ನಿವೃತ್ತರಾಗಬಹುದು, ಮೊಬೈಲ್ ಕಳೆಯಬಹುದು, ದೇವರ ಪಾದ ಸೇರಬಹುದು. ಎರಡು ವರ್ಷ ಬಳಸದೆ ಬಿಟ್ಟ ಸ್ವಂತ ಖಾತೆಯನ್ನು ಅದರೊಳಗಿರುವುದರ ಸಮೇತ ಅಳಿಸುವ ಹಕ್ಕನ್ನು ಗೂಗಲ್ ಇಟ್ಟುಕೊಂಡಿದೆ, ಅದು 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಸಂಘದ ಹೆಸರಿನಲ್ಲಿ ಖಾತೆ ತೆರೆದು, ಅದನ್ನು ಮರಳಿ ಪಡೆಯುವ ದೂರವಾಣಿ ಸಂಖ್ಯೆ, ಬದಲಿ ಸಂಕೇತಗಳನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಮೊಹರು ಮಾಡಿ ತಿಜೋರಿಯಲ್ಲಿಡಬೇಕು. ತಿಜೋರಿಯ ಬೀಗದ ಕೈಯನ್ನು ಹೇಗೆ ಇಬ್ಬರ ಜವಾಬ್ದಾರಿಯಲ್ಲಿ ಇಡುತ್ತೇವೋ ಹಾಗೆ.

ಎರಡು, ಎಲ್ಲರಿಗೂ ಬದಲಾಯಿಸುವ ಅಧಿಕಾರ ಬೇಡ. ನೋಡುವವರಿಗೆ ನೋಡುವ ಅಧಿಕಾರ, ಬರೆಯುವವರಿಗೆ ಬರೆಯುವ ಅಧಿಕಾರ. ಲಿಂಕ್ ಸಿಕ್ಕವರೆಲ್ಲ ತೆರೆಯಬಹುದು ಎಂದು ಬಿಟ್ಟರೆ ಸದಸ್ಯರ ಆಧಾರ್, ಪಹಣಿ, ಬ್ಯಾಂಕ್ ವಿವರ ಬೀದಿಗೆ ಬಂದಂತೆ.

ಮೂರು, ಪ್ರತಿ ತಿಂಗಳ ಕೊನೆಯ ಕೆಲಸದ ದಿನ ಸಂಘದ ಫೋಲ್ಡರನ್ನು ಪೂರ್ತಿ ಡೌನ್‌ಲೋಡ್ ಮಾಡಿ ಹೊರಗಿನ ಹಾರ್ಡ್ ಡಿಸ್ಕ್‌ಗೆ ಹಾಕಬೇಕು. ಇಲ್ಲೊಂದು ಎಚ್ಚರಿಕೆ. ಕಂಪ್ಯೂಟರಿನ ಡ್ರೈವ್ ಫೋಲ್ಡರಿನಲ್ಲಿ ಕಾಣುವ ಗೂಗಲ್ ಶೀಟ್, ಗೂಗಲ್ ಡಾಕ್ಸ್ ನಿಜವಾದ ಫೈಲಲ್ಲ, ಬರೀ ವಿಳಾಸದ ಚೀಟಿ. ಅದನ್ನು ಎಳೆದು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಚೀಟಿ ಮಾತ್ರ ಬರುತ್ತದೆ, ಲೆಕ್ಕ ಬರುವುದಿಲ್ಲ. ಡ್ರೈವ್‌ನ ಜಾಲಪುಟದಲ್ಲಿ ಫೋಲ್ಡರಿನ ಮೇಲೆ ಡೌನ್‌ಲೋಡ್ ಎಂದು ಒತ್ತಿದರೆ ಅದು ಎಕ್ಸೆಲ್, ವರ್ಡ್ ರೂಪಕ್ಕೆ ಬದಲಾಗಿ ಗಂಟು ಕಟ್ಟಿ ಬರುತ್ತದೆ. ಇಡೀ ಖಾತೆ ಬೇಕಾದರೆ ಗೂಗಲ್ ಟೇಕ್‌ಔಟ್ ಎಂಬ ಸೌಲಭ್ಯವಿದೆ. ಒನ್‌ಡ್ರೈವ್‌ನಲ್ಲೂ ಮೋಡದ ಗುರುತು ಇರುವ ಫೈಲು ಕಂಪ್ಯೂಟರಿಗೆ ಇಳಿದಿರುವುದಿಲ್ಲ. ಇಳಿಸಿಯೇ ನಕಲು ಮಾಡಬೇಕು.

ನಾಲ್ಕು, ಡಿಸ್ಕ್ ಎರಡು ಇರಲಿ. ಒಂದು ತಿಂಗಳು ಒಂದಕ್ಕೆ, ಮುಂದಿನ ತಿಂಗಳು ಇನ್ನೊಂದಕ್ಕೆ. ಒಂದು ಸಂಘದ ತಿಜೋರಿಯಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ, ಬ್ಯಾಂಕ್ ಲಾಕರ್ ಆದರೆ ಒಳ್ಳೆಯದು. ಎರಡಕ್ಕೂ ಗುಪ್ತಪದ ಇರಬೇಕು. ಹಳೆಯ ತಿಂಗಳ ಪ್ರತಿಯನ್ನು ಅಳಿಸಿ ಹೊಸದನ್ನು ಹಾಕಬೇಡಿ, ತಿಂಗಳ ಹೆಸರಿನ ಬೇರೆ ಫೋಲ್ಡರಿನಲ್ಲಿಡಿ. ಆಗಸ್ಟ್‌ನಲ್ಲಿ ಅಳಿದದ್ದು ಮಾರ್ಚ್‌ನಲ್ಲಿ ಬೇಕಾದರೆ ಜುಲೈ ಫೋಲ್ಡರಿನಲ್ಲಿ ಸಿಗುತ್ತದೆ. ಗಣಕದವರ ಸೂತ್ರ ಇದೇ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಊರಾಚೆ. ನಮ್ಮಲ್ಲಿ ಕ್ಲೌಡ್ ಒಂದು, ಡಿಸ್ಕ್ ಎರಡು, ಲೆಕ್ಕ ಸರಿಹೋಯಿತು.

ಐದು, ಮಾರ್ಚ್ 31ರ ಸದಸ್ಯವಾರು ಬಾಕಿ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ, ಸಹಿ ಮಾಡಿ, ದಾರ ಹಾಕಿ ಕಟ್ಟಿಡಿ. ವಿದ್ಯುತ್ ಇಲ್ಲದಿದ್ದರೂ ಓದಬಹುದಾದ ಪ್ರತಿ ಅದೊಂದೇ.

ಆರು, ಮೂರು ತಿಂಗಳಿಗೊಮ್ಮೆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಒಂದು ಫೈಲು ತೆರೆದು ನೋಡಬೇಕು. ಯಾರಾದರೂ ಐವರು ಸದಸ್ಯರ ಪಾಸ್ ಪುಸ್ತಕ ತರಿಸಿ ಮೊತ್ತ ತಾಳೆ ನೋಡಬೇಕು. ತಾಳೆಯಾಯಿತು ಎಂದು ನಡವಳಿ ಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು. ತೆರೆದು ನೋಡದ ಬ್ಯಾಕಪ್ಪು, ಮೊಳಕೆ ನೋಡದ ಬಿತ್ತನೆ ಬೀಜ ಎರಡೂ ಒಂದೇ. ಹೊಲಕ್ಕೆ ಇಳಿದ ಮೇಲೆ ಗೊತ್ತಾದರೆ ಕಾಲ ಮಿಂಚಿರುತ್ತದೆ.

ಸದಸ್ಯರು ಮಾಡಬೇಕಾದದ್ದು

ಎಲ್ಲವನ್ನೂ ಕಾರ್ಯದರ್ಶಿಗಳ ತಲೆಗೆ ಕಟ್ಟಿ ನಾವು ಮನೆಗೆ ಹೋಗುವಂತಿಲ್ಲ. ಮೊಬೈಲಿಗೆ ಸಂದೇಶ ಬರುತ್ತದಲ್ಲ, ಪಾಸ್ ಪುಸ್ತಕ ಯಾಕೆ ಅಂತ ಕೇಳುವವರಿದ್ದಾರೆ. ದಯವಿಟ್ಟು ಪಾಸ್ ಪುಸ್ತಕ ಬಿಡಬೇಡಿ. ಹಣ ಕಟ್ಟಿದ ದಿನವೇ ಬರೆಸಿಕೊಳ್ಳಿ, ರಸೀತಿ ಜೋಪಾನ ಮಾಡಿ. ಸಂಘದ ಗೋಡೆಯ ಆಚೆ ಇರುವ, ಯಾರೂ ಒಂದೇ ಸಲಕ್ಕೆ ಅಳಿಸಲಾಗದ ಪ್ರತಿ ಅದು. ನೂರು ಮನೆಯಲ್ಲಿ ನೂರು ಪಾಸ್ ಪುಸ್ತಕ ಇದ್ದರೆ ಅದಕ್ಕಿಂತ ದೊಡ್ಡ ಬ್ಯಾಕಪ್ ಯಾವ ಕಂಪನಿಯೂ ಕೊಡಲಾರದು.

ಮನೆಯ ಮಾತೂ ಒಂದಿಷ್ಟು. ಮೊಬೈಲಿನಲ್ಲಿ ಜಾಗ ಇಲ್ಲವೆಂದು ಗೂಗಲ್ ಫೋಟೋಸ್‌ನಿಂದ ಚಿತ್ರ ಅಳಿಸುತ್ತೀರಿ. ಮೊಬೈಲಿನಿಂದ ಮಾತ್ರ ಹೋಯಿತು ಎಂದುಕೊಳ್ಳುತ್ತೀರಿ. ಹಾಗಲ್ಲ, ಕ್ಲೌಡ್‌ನಿಂದಲೂ ಹೋಗುತ್ತದೆ. ಕ್ಲೌಡ್‌ಗೆ ಏರಿದ್ದ ಚಿತ್ರವಾದರೆ ಬುಟ್ಟಿಯಲ್ಲಿ 60 ದಿನ, ಏರದಿದ್ದರೆ 30 ದಿನ ಇರುತ್ತದೆ. ಮೊಬೈಲಿನಿಂದ ಮಾತ್ರ ತೆಗೆಯಬೇಕಾದರೆ ಜಾಗ ತೆರವು ಮಾಡು ಎಂಬ ಬೇರೆ ಗುಂಡಿ ಇದೆ. ಮಗಳ ಮದುವೆಯ ಚಿತ್ರ, ತೀರಿಹೋದ ತಂದೆಯವರ ಚಿತ್ರ, ಮಕ್ಕಳ ಅಂಕಪಟ್ಟಿ ಇಂಥವನ್ನು ಒಂದು ಪೆನ್‌ಡ್ರೈವ್‌ಗೂ ಹಾಕಿಸಿ. ಬೆಂಗಳೂರಿನಲ್ಲಿರುವ ಮಕ್ಕಳು ಹಬ್ಬಕ್ಕೆ ಬಂದಾಗ ಅರ್ಧ ಗಂಟೆಯ ಕೆಲಸ. ಯುವಕ ಮಿತ್ರರು ಅಕ್ಕಪಕ್ಕದ ಮನೆಯ ಹಿರಿಯರಿಗೂ ಇದನ್ನು ಮಾಡಿಕೊಟ್ಟರೆ ಅದೂ ಸಹಕಾರವೇ.

ಮಹನೀಯರೆ, ಮಾತು ಉದ್ದವಾಯಿತು. ಅಳಿಸಿಹೋದ ಲೆಕ್ಕ ಮರಳಿ ಸಿಗುವುದೆ ಎಂದು ಕೇಳಿದರೆ ನಮ್ಮ ಉತ್ತರ ಇಷ್ಟು. ಬೇಗ ಗೊತ್ತಾದರೆ ಬುಟ್ಟಿಯಲ್ಲಿ ಸಿಗುತ್ತದೆ, ತಡವಾಗಿ ಗೊತ್ತಾದರೆ ನಾವು ಎತ್ತಿಟ್ಟ ಪ್ರತಿಯಲ್ಲಿ ಮಾತ್ರ ಸಿಗುತ್ತದೆ. ಎತ್ತಿಡದಿದ್ದರೆ ಸಿಗುವುದಿಲ್ಲ. ಮಂಡಳಿಯ ಮುಂದಿನ ಸಭೆಯಲ್ಲಿ ಈ ಆರು ಅಂಶಗಳನ್ನು ಠರಾವಾಗಿ ತೆಗೆದುಕೊಂಡು, ಯಾವ ನಿರ್ದೇಶಕರು ತಾಳೆ ನೋಡಬೇಕು ಎಂದು ಹೆಸರು ಬರೆದು, ಮೊದಲ ಡಿಸ್ಕ್ ತಿಜೋರಿಗೆ ಸೇರಿದರೆ ಈ ರಜತ ಮಹೋತ್ಸವದ ನೆನಪಿಗೆ ಅದೂ ಒಂದು ಒಳ್ಳೆಯ ಕೆಲಸವಾಗುತ್ತದೆ. ಸುವರ್ಣ ಮಹೋತ್ಸವದ ಹೊತ್ತಿಗೆ ಇಂದಿನ ಲೆಕ್ಕವನ್ನು ನಮ್ಮ ಮಕ್ಕಳು ತೆರೆದು ಓದುವಂತಾಗಲಿ.